ಲೂಟಿಯಾದವರಿಗೆ ಟಿಕೆಟ್ ಉಚಿತವೇ?

ಮ್ಯಾಂಚೆಸ್ಟರ್‌ನ ಟ್ರಾಮ್ ನಿಲ್ದಾಣಗಳಿಗೆ ಗೇಟಿಲ್ಲ. ರಸ್ತೆಯ ನಡುವೆ ಕಟ್ಟೆಯ ಹಾಗೆ ಒಂದು ಪ್ಲಾಟ್‌ಫಾರಂ, ಅದರ ಮೇಲೊಂದು ಟಿಕೆಟ್ ಯಂತ್ರ. ದುಡ್ಡು ಹಾಕಿ ಟಿಕೆಟ್ ತೆಗೆದು ಹತ್ತಬೇಕು. ತೆಗೆಯದೆ ಹತ್ತಿದರೂ ಆ ಕ್ಷಣದಲ್ಲಿ ತಡೆಯುವವರು ಯಾರೂ ಇಲ್ಲ. ಆಗಾಗ ತಪಾಸಣೆಯವರು ಬರುತ್ತಾರೆ, ಸಿಕ್ಕಿಬಿದ್ದರೆ ದಂಡ. 2019ರ ಸೆಪ್ಟೆಂಬರ್ ತಿಂಗಳ ಒಂದು ಸಂಜೆ ಅಂಥ ಒಂದು ಯಂತ್ರದ ಮುಂದೆ ನನ್ನ ಗೆಳೆಯ ಚಿಲ್ಲರೆ ಎಣಿಸುತ್ತಿದ್ದ. ಆಗ ನಾನು ಹೇಳಿದೆ: "ಇವರು ನಮ್ಮಿಂದ ಕೊಳ್ಳೆ ಹೊಡೆದದ್ದರ ಬಡ್ಡಿಗೂ ಇದು ಸಾಲದು. ನನ್ನದು ತೆಗೆಯಬೇಡ ಮಾರಾಯ."

ಆತ ನನ್ನ ಮುಖ ನೋಡಿದ. ಇದು ತಮಾಷೆಯೋ ನಿಜವೋ ಎಂದು ಅಳೆಯುವ ನೋಟ. ನಿಜ ಹೇಳಬೇಕೆಂದರೆ ನನಗೂ ಅದು ಖಚಿತವಿರಲಿಲ್ಲ. ಅಷ್ಟರಲ್ಲಿ ಟ್ರಾಮ್ ಬಂತು. ಆತನ ಕೈಯಲ್ಲಿ ಒಂದು ಟಿಕೆಟ್ ಇತ್ತು, ನನ್ನ ಕೈಯಲ್ಲಿ ಏನೂ ಇರಲಿಲ್ಲ. (ಬಡ್ಡಿ ಹರಾಮ್ ಎಂದು ಊರಿನಲ್ಲಿ ಗಂಟೆಗಟ್ಟಲೆ ಮಾತಾಡುವವನು ಇಂಗ್ಲೆಂಡಿನ ನೆಲದ ಮೇಲೆ ಬಡ್ಡಿ ಲೆಕ್ಕ ಹಾಕಿದ್ದು ನನಗೆ ಆಗ ಹೊಳೆಯಲೇ ಇಲ್ಲ.)

ಆ ಮಾತನ್ನು ಮೊದಲು ಆಡಿದವನು ನಾನೇನಲ್ಲ. ಇಂಗ್ಲೆಂಡ್ ನೋಡಲು ಹೋದ ನಮ್ಮವರು ಎಲ್ಲಾದರೂ ದುಡ್ಡು ಕೊಡಬೇಕಾಗಿ ಬಂದಾಗ ಕೊಹಿನೂರಿನ ಹೆಸರು ಹೇಳಿ ನಗುವುದು ರೂಢಿ. ನಗುವಿನ ಒಳಗೊಂದು ಸತ್ಯ ಇರುವುದರಿಂದಲೇ ಆ ತಮಾಷೆ ಇಷ್ಟು ಕಾಲ ಬಾಳಿದೆ. ಆ ಸತ್ಯವನ್ನು ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಹೋರಾಡುತ್ತಲೇ ಮಡಿದ. ಅಂದು ರಾತ್ರಿ ಸೈನಿಕರು ಊರನ್ನು ದೋಚಿದರು. ಆಮೇಲೆ ನಡೆದ ದರೋಡೆಗೆ ಒಂದು ಶಿಸ್ತು ಬಂತು. ಅರಮನೆಯ ಖಜಾನೆಯನ್ನು ಎಣಿಸಲು, ಬೆಲೆ ಕಟ್ಟಲು ಅಧಿಕಾರಿಗಳನ್ನೇ ನೇಮಿಸಿ, ಜನರಲ್‌ನಿಂದ ಹಿಡಿದು ಸಾಮಾನ್ಯ ಸಿಪಾಯಿಯವರೆಗೆ ದರ್ಜೆಗೆ ತಕ್ಕಂತೆ ಪಾಲು ಹಂಚಲಾಯಿತು. ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು ತುಂಡು ತುಂಡು ಮಾಡಲಾಯಿತು. ಅದರ ಮೇಲಿದ್ದ ರತ್ನಖಚಿತ ಹುಮಾ ಪಕ್ಷಿ ಮತ್ತು ಚಿನ್ನದ ಹುಲಿ ತಲೆ ಈಗಲೂ ವಿಂಡ್ಸರ್ ಕೋಟೆಯ ರಾಜಸಂಗ್ರಹದಲ್ಲಿವೆ. ವಿಂಡ್ಸರ್‌ಗೆ ತಲಾ 20 ಪೌಂಡ್‌ಗೂ ಮೇಲೆ ಟಿಕೆಟ್ ಇದ್ದುದರಿಂದ ನಾವು ಹೋಗಲಿಲ್ಲ. ನಮ್ಮ ಸಿಂಹಾಸನದ ತುಂಡನ್ನು ನೋಡಲು ನಮ್ಮಲ್ಲಿ ದುಡ್ಡಿರಲಿಲ್ಲ ಎಂಬ ಸಿಟ್ಟು ಮ್ಯಾಂಚೆಸ್ಟರ್ ತನಕ ನನ್ನ ಜೊತೆಗೇ ಬಂದಿತ್ತು.

ದುಡ್ಡಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾವಿಬ್ಬರೂ ಸಣ್ಣ ಸಂಬಳದವರು. ನಾಲ್ಕು ವರ್ಷ ಉಳಿಸಿದ ಹಣದಲ್ಲಿ ಹತ್ತು ದಿನದ ಪ್ರಯಾಣ. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಹಾಸ್ಟೆಲ್‌ಗಳಲ್ಲಿ ವಾಸ, ರೈಲಿನ ಬದಲು ಬಸ್ಸು, ಸಂಜೆ ಹೊತ್ತಿಗೆ ಸೂಪರ್ ಮಾರ್ಕೆಟ್‌ಗಳಲ್ಲಿ ಹಳದಿ ಚೀಟಿ ಅಂಟಿಸಿ ಅಗ್ಗಕ್ಕೆ ಇಡುವ ಬ್ರೆಡ್ಡು. ಗೆಳೆಯ ಮಂಗಳೂರಿನ ಕೆಥೊಲಿಕ್, ಮನೆಯಲ್ಲಿ ಕೊಂಕಣಿ. ನನ್ನದು ಬ್ಯಾರಿ. ನಾವು ಪರಸ್ಪರ ಮಾತಾಡುವುದು ಕನ್ನಡ, ಜಗಳ ಬಂದರೆ ತುಳು. ಜಂಟಿ ಖರ್ಚಿಗೆಂದು ಒಂದು ಸಣ್ಣ ನೋಟ್ ಬುಕ್ ಇತ್ತು. ಅದು ಆತನ ಬಳಿಯೇ ಇರುತ್ತಿತ್ತು, ಏಕೆಂದರೆ ನಾನು ಬರೆಯಲು ಮರೆಯುತ್ತೇನೆ ಎಂಬುದು ಮೂವತ್ತು ವರ್ಷಗಳಿಂದ ಆತನಿಗೆ ಗೊತ್ತು. ನೀರಿನ ಬಾಟಲಿಯ ದುಡ್ಡನ್ನೂ ಬಿಡದೆ ಬರೆಯುತ್ತಿದ್ದ.

ಆ ಸಂಜೆ ಟ್ರಾಮ್‌ನಲ್ಲಿ ಎರಡು ನಿಲ್ದಾಣ ದಾಟಿರಬಹುದು. ತಪಾಸಣೆಯವನೊಬ್ಬ ಹತ್ತಿದ. ನಮ್ಮ ಉಪಖಂಡದ ಮುಖ, ನರೆತ ಗಡ್ಡ. ಮುಂದಿನ ಸೀಟುಗಳಿಂದ ಒಬ್ಬೊಬ್ಬರದೇ ಟಿಕೆಟ್ ನೋಡುತ್ತಾ ಬಂದ. ನನ್ನ ಎದೆ ಡವಗುಟ್ಟತೊಡಗಿತು. ಆತ ನಮ್ಮ ಬಳಿ ಬಂದು ನನ್ನ ಗಡ್ಡವನ್ನೂ ಟೋಪಿಯನ್ನೂ ನೋಡಿ ಮುಗುಳ್ನಕ್ಕು, "ಅಸ್ಸಲಾಮು ಅಲೈಕುಂ ಭಾಯಿ, ಇಂಡಿಯಾದಿಂದಲೋ?" ಎಂದ. ಸಲಾಮಿಗೆ ಉತ್ತರಿಸಿದೆ. ಎಲ್ಲೆಲ್ಲಿ ನೋಡಿದಿರಿ, ಚಳಿ ತಾಳುತ್ತದೆಯೇ ಎಂದೆಲ್ಲಾ ಉರ್ದುವಿನಲ್ಲಿ ವಿಚಾರಿಸಿದ. ಗೆಳೆಯ ತನ್ನ ಟಿಕೆಟ್ ಚಾಚಿದಾಗ ಅದರತ್ತ ಒಮ್ಮೆ ಕಣ್ಣು ಹಾಯಿಸಿ ತಲೆಯಾಡಿಸಿದ. ನನ್ನ ಟಿಕೆಟ್ ಕೇಳಲಿಲ್ಲ. ದುಆ ಮಾಡಿ ಎಂದು ಹೇಳಿ ಮುಂದಿನ ಸೀಟಿಗೆ ಹೋದ.

ಸಿಕ್ಕಿಬಿದ್ದು ದಂಡ ಕಟ್ಟಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಸಿಟ್ಟು ಇನ್ನಷ್ಟು ಬೆಳೆಯುತ್ತಿತ್ತೇ ಹೊರತು ನಾಚಿಕೆ ಹುಟ್ಟುತ್ತಿರಲಿಲ್ಲ. ಆದರೆ ಆ ಮನುಷ್ಯ ನನ್ನ ಟಿಕೆಟ್ ಬದಲು ನನ್ನ ಸಲಾಮನ್ನು ನೋಡಿದ. ಈ ಗಡ್ಡ ಇರುವವನು ಮೋಸ ಮಾಡಲಿಕ್ಕಿಲ್ಲ ಎಂದು ನಂಬಿದ. ವೆಲ್ಲೆಸ್ಲಿಯ ಸಾಲವನ್ನು ವಸೂಲಿ ಮಾಡಲು ಹೊರಟವನು ಕೊನೆಗೆ ಯಾರ ಕಿಸೆಗೆ ಕೈ ಹಾಕಿದೆ? ಆತನಂತೂ ಶ್ರೀರಂಗಪಟ್ಟಣದ ಖಜಾನೆಯಲ್ಲಿ ಪಾಲು ಪಡೆದವನಲ್ಲ.

ರಾತ್ರಿ ಊಟಕ್ಕೆ ಮೀನು ಮತ್ತು ಆಲೂಗಡ್ಡೆ ಹುರಿದು ಕೊಡುವ ಅಂಗಡಿಗೆ ಹೋದೆವು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಇದನ್ನು ಎಣ್ಣೆಯ ಬದಲು ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳು ಬಹಳ. ಝಬಹ್ ಆಗದ ಪ್ರಾಣಿಯ ಕೊಬ್ಬು ನನಗೆ ನಿಷಿದ್ಧ. ಅದು ಗೊತ್ತಿದ್ದುದರಿಂದ ನನಗಿಂತ ಮೊದಲು ಗೆಳೆಯನೇ ಕೌಂಟರಿನಲ್ಲಿ ಯಾವುದರಲ್ಲಿ ಕರಿಯುತ್ತೀರಿ ಎಂದು ಕೇಳಿದ. ಕೊಬ್ಬು ಎಂದರು. ಹೊರಬಂದೆವು. ಎರಡನೆಯ ಅಂಗಡಿಯಲ್ಲೂ ಅದೇ. ಮೂರನೆಯದರಲ್ಲಿ ಸಸ್ಯದ ಎಣ್ಣೆ ಎಂದಾಗ ಪೊಟ್ಟಣ ಕಟ್ಟಿಸಿಕೊಂಡು ಒಂದು ಬೆಂಚಿನ ಮೇಲೆ ಕುಳಿತೆವು. ಎರಡು ತುಂಡು ತಿಂದ ಮೇಲೆ ಆತ ಮೆಲ್ಲಗೆ ಕೇಳಿದ: "ಮೀನಿಗೆ ಮೂರು ಅಂಗಡಿ ತಿರುಗಿದೆವು. ಟ್ರಾಮಿಗೆ ಒಂದು ಯಂತ್ರದ ಮುಂದೆ ನಿಲ್ಲಲಿಕ್ಕೆ ನಿನಗೆ ಆಗಲಿಲ್ಲ ಅಲ್ವಾ?"

ನಾನು ಮೀನನ್ನೇ ನೋಡುತ್ತಾ ಕುಳಿತೆ. ಆತ ನೋಟ್ ಬುಕ್ ತೆಗೆದು ಬರೆದ. ಟ್ರಾಮ್, ಒಬ್ಬರಿಗೆ, ಇಷ್ಟು. ಅದರ ಕೆಳಗಿನ ಒಂದು ಗೆರೆಯನ್ನು ಖಾಲಿ ಬಿಟ್ಟ.

ಆ ಖಾಲಿ ಗೆರೆ ನನ್ನನ್ನು ಮಲಗಲು ಬಿಡಲಿಲ್ಲ. ಹಾಸ್ಟೆಲ್‌ನ ಮೇಲಿನ ಮಂಚದಲ್ಲಿ ಬಿದ್ದುಕೊಂಡು ವಾದ ಹೂಡುತ್ತಿದ್ದೆ. ಕಾಲು ಶತಮಾನದಿಂದ ಪತ್ರಿಕೆಗಳಲ್ಲಿ ಓದಿದ್ದೆಲ್ಲಾ ನನ್ನ ಪರವಾಗಿತ್ತು. ನೇಕಾರರ ಕಥೆ, ಭೂಕಂದಾಯದ ಕಥೆ, 1943ರ ಬಂಗಾಳದ ಬರಗಾಲ. ಆದರೆ ನಡುರಾತ್ರಿಯಲ್ಲಿ ನೆನಪಾದದ್ದು ಮದ್ರಸದಲ್ಲಿ ಕೇಳಿದ ಹಿಜ್ರಾದ ಕಥೆ. ಮಕ್ಕಾದ ಮುಖಂಡರು ಪ್ರವಾದಿ ಮುಹಮ್ಮದ್(ಸ)ರನ್ನು ಕೊಲ್ಲಲು ಮನೆಯನ್ನು ಸುತ್ತುವರಿದ ರಾತ್ರಿ ಅದು. ಮದೀನಾಕ್ಕೆ ಹೋದ ಮುಸ್ಲಿಮರ ಮನೆಮಠಗಳು ಆಗಲೇ ಮಕ್ಕಾದವರ ವಶವಾಗತೊಡಗಿದ್ದವು. ಅದೇ ಮಕ್ಕಾದ ಜನ ತಮ್ಮ ಬೆಲೆಬಾಳುವ ವಸ್ತುಗಳನ್ನು ಕಾಪಾಡಲು ಕೊಟ್ಟಿದ್ದುದು ಪ್ರವಾದಿಯವರ ಬಳಿ. ಅವನ್ನು ನಷ್ಟ ಪರಿಹಾರವೆಂದು ಒಯ್ದಿದ್ದರೆ ನನ್ನಂಥವನ ತರ್ಕಕ್ಕೆ ಅದು ನ್ಯಾಯವಾಗಿಯೇ ಕಾಣುತ್ತಿತ್ತು. ಅವರು ಮಾಡಿದ್ದೇನೆಂದರೆ ಯುವಕ ಅಲಿ(ರ)ಯವರನ್ನು ಪ್ರಾಣಾಪಾಯದ ನಡುವೆ ಹಿಂದೆ ಬಿಟ್ಟು, ಒಬ್ಬೊಬ್ಬರ ಅಮಾನತ್ತನ್ನೂ ಅವರವರಿಗೆ ತಲುಪಿಸಿ ಬರಲು ಹೇಳಿದ್ದು.

ಈ ಕಥೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಟ್ರಾಮ್ ಟಿಕೆಟ್ಟಿಗೆ ಇದು ಸಂಬಂಧಪಟ್ಟದ್ದು ಎಂದು ಅಂದೇ ಮೊದಲು ಅನಿಸಿದ್ದು. ಓದುಗರಲ್ಲಿ ಕೆಲವರು ಕೇಳಬಹುದು: ಮುಂದೆ ಮದೀನಾದಿಂದ ಮಕ್ಕಾದವರ ವ್ಯಾಪಾರಿ ತಂಡವನ್ನು ತಡೆಯಲು ಮುಸ್ಲಿಮರು ಹೊರಟಿರಲಿಲ್ಲವೇ, ಬದ್ರ್ ನಡೆದದ್ದು ಆ ಕಾರಣಕ್ಕಲ್ಲವೇ? ಹೌದು. ಆದರೆ ಅದು ಎರಡು ಪಕ್ಷಗಳ ನಡುವೆ ಹಗೆತನ ಬಹಿರಂಗವಾದ ಮೇಲಿನ ಮಾತು. ನಿನ್ನಿಂದ ನನಗೆ ಬರಬೇಕಾದದ್ದಿದೆ ಎಂದು ಎದುರು ನಿಂತು ಹೇಳುವುದು ಒಂದು. ನಂಬಿ ಬಾಗಿಲು ತೆರೆದಿಟ್ಟವನ ಮನೆಯಿಂದ ಚಮಚ ಎತ್ತಿಕೊಂಡು ಹೋಗುವುದು ಇನ್ನೊಂದು. ಗೇಟಿಲ್ಲದ ನಿಲ್ದಾಣವೂ ಒಂದು ಬಗೆಯ ಅಮಾನತ್ತೇ. ಇನ್ನು ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲಿ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ, ಅಲ್ ಮುತಫ್ಫಿಫೀನ್. ತಾವು ಪಡೆಯುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ಕಡಿಮೆ ಮಾಡುವವರ ಬಗ್ಗೆ ಅದು ಮಾತಾಡುತ್ತದೆ. ಚಿನ್ನದ ಹುಮಾ ಪಕ್ಷಿಯನ್ನು ಪೂರ್ತಿಯಾಗಿ ಕೇಳುತ್ತಾ ಮೂರು ಪೌಂಡ್‌ಗಿಂತ ಕಡಿಮೆಯ ಟಿಕೆಟ್ ತಪ್ಪಿಸಿದವನು ಆ ಪಟ್ಟಿಗೆ ಸೇರುತ್ತಾನೋ ಇಲ್ಲವೋ ಎಂದು ಯಾವ ಉಲಮಾರನ್ನೂ ಕೇಳುವ ಧೈರ್ಯ ನನಗೆ ಬರಲಿಲ್ಲ.

ಬೆಳಿಗ್ಗೆ ಯಂತ್ರದ ಮುಂದೆ ನಿಂತು ಎರಡು ಟಿಕೆಟ್ ತೆಗೆದೆ. ಒಂದರಲ್ಲಿ ಪ್ರಯಾಣ ಮಾಡಿದೆ. ಇನ್ನೊಂದನ್ನು ಗೆಳೆಯನಿಗೆ ಕೊಟ್ಟೆ. ಆತ ಅದನ್ನು ನೋಟ್ ಬುಕ್ಕಿನ ಆ ಪುಟದಲ್ಲಿ ಇಟ್ಟುಕೊಂಡು, "ಯಂತ್ರಕ್ಕೆ ಇದು ನಿನ್ನೆಯ ಬಾಕಿ ಅಂತ ಗೊತ್ತಾಗುವುದಿಲ್ಲ ಮಾರಾಯ" ಎಂದು ನಕ್ಕ. ಯಂತ್ರಕ್ಕೆ ಗೊತ್ತಾಗಲಿ ಎಂದು ನಾನೂ ಮಾಡಿರಲಿಲ್ಲ.

ಆ ದಿನ ಮ್ಯಾಂಚೆಸ್ಟರ್‌ನ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯಕ್ಕೆ ಹೋದೆವು. 1830ರಲ್ಲಿ ಲಿವರ್‌ಪೂಲ್‌ಗೆ ರೈಲು ಹೊರಟ ಹಳೆಯ ನಿಲ್ದಾಣದ ಜಾಗವದು. ಪ್ರವೇಶ ಉಚಿತ. ಹತ್ತಿ ಗಿರಣಿಯ ಹಳೆಯ ಯಂತ್ರಗಳನ್ನು ಅಲ್ಲಿ ಓಡಿಸಿ ತೋರಿಸುತ್ತಾರೆ. ಭಾರತದ ನೇಕಾರರ ಹೊಟ್ಟೆಗೆ ಹೊಡೆದದ್ದು ಇವೇ ಯಂತ್ರಗಳು ಎಂದು ಹಲ್ಲು ಕಚ್ಚಿ ನಿಂತಿದ್ದೆ. ನೂಲುವ ಯಂತ್ರ ಹಿಂದಕ್ಕೂ ಮುಂದಕ್ಕೂ ಚಲಿಸುವಾಗ ಅದರ ಅಡಿಯಲ್ಲಿ ತೆವಳಿ ಬಿದ್ದ ಹತ್ತಿಯನ್ನು ಗುಡಿಸಲು ಸಣ್ಣ ಮಕ್ಕಳನ್ನು ಬಿಡುತ್ತಿದ್ದರು ಎಂದು ತೋರಿಸುವವಳು ವಿವರಿಸಿದಳು. ಯಂತ್ರವನ್ನು ನಿಲ್ಲಿಸುತ್ತಿರಲಿಲ್ಲ, ಮಕ್ಕಳು ಬೇಗ ಹೊರಬರಬೇಕಿತ್ತು. ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು ತಡೆದು, ಅದನ್ನು ನೋಡಿಕೊಳ್ಳಲು ಇನ್‌ಸ್ಪೆಕ್ಟರುಗಳನ್ನು ನೇಮಿಸಲು ಬ್ರಿಟಿಷ್ ಸಂಸತ್ತಿಗೆ 1833 ಬೇಕಾಯಿತು. ಯಂತ್ರ ಓಡಿದಾಗ ಆದ ಗದ್ದಲದಲ್ಲಿ ನಾವಿಬ್ಬರೂ ಮಾತಾಡಲಾಗಲಿಲ್ಲ. ಒಂದೇ ಒಂದು ಯಂತ್ರದ ಸದ್ದು ಅದು.

ಅಲ್ಲಿಂದ ನಡೆದು ಪೀಟರ್‌ಲೂ ಸ್ಮಾರಕಕ್ಕೆ ಹೋದೆವು. ಅದು ಅನಾವರಣಗೊಂಡು ಆಗ ತಿಂಗಳಷ್ಟೇ ಆಗಿತ್ತು. 1819ರ ಆಗಸ್ಟ್ 16ರಂದು ಮತದಾನದ ಹಕ್ಕು ಕೇಳಲು ಸುಮಾರು 60,000 ಜನ, ಬಹುಪಾಲು ಗಿರಣಿ ಕೆಲಸದವರು ಮತ್ತು ನೇಕಾರರು, ಹೆಂಡತಿ ಮಕ್ಕಳೊಂದಿಗೆ ಬಂದು ಸೇರಿದ್ದರು. ಅವರ ಮೇಲೆ ಕುದುರೆ ಸವಾರರನ್ನು ನುಗ್ಗಿಸಲಾಯಿತು. ಕತ್ತಿ ಬೀಸಿ, ತುಳಿದು, ಹದಿನೈದಕ್ಕೂ ಹೆಚ್ಚು ಮಂದಿಯನ್ನು ಕೊಂದರು, ನೂರಾರು ಜನ ಗಾಯಗೊಂಡರು. ಸವಾರರಲ್ಲಿ ಒಂದು ದಳ ನಾಲ್ಕು ವರ್ಷ ಹಿಂದೆ ವಾಟರ್‌ಲೂನಲ್ಲಿ ಕಾದಿದ್ದ ದಳ, ಅಂದರೆ ವೆಲಿಂಗ್ಟನ್ ಡ್ಯೂಕನ ಕೈಕೆಳಗಿನದ್ದು. ಈ ಡ್ಯೂಕ್ ಯಾರೆಂದರೆ 1799ರಲ್ಲಿ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಅದೇ ಆರ್ಥರ್ ವೆಲ್ಲೆಸ್ಲಿ. ಪೀಟರ್‌ಲೂ ಎಂಬ ಹೆಸರೇ ವಾಟರ್‌ಲೂವನ್ನು ಅಣಕಿಸಿ ಇಟ್ಟದ್ದು. ಮೆಟ್ಟಿಲು ಮೆಟ್ಟಿಲಾಗಿರುವ ಆ ದುಂಡನೆಯ ಕಲ್ಲಿನ ಸ್ಮಾರಕದಲ್ಲಿ ಸತ್ತವರ ಹೆಸರುಗಳನ್ನು ಕೆತ್ತಿದ್ದಾರೆ. ಇವರು ಎಂದು ನಾನು ಬಾಯಿತುಂಬ ಹೇಳಿದ್ದೆನಲ್ಲ, ಆ ಇವರಲ್ಲಿ ಇವರೂ ಇದ್ದರು.

ಮ್ಯಾಂಚೆಸ್ಟರಿನ ಉತ್ತರಕ್ಕೆ ಡಾರ್ವೆನ್ ಎಂಬ ಊರಿದೆ. 1931ರ ಸೆಪ್ಟೆಂಬರ್‌ನಲ್ಲಿ ದುಂಡುಮೇಜಿನ ಪರಿಷತ್ತಿಗೆ ಬಂದಿದ್ದ ಗಾಂಧೀಜಿ ಅಲ್ಲಿಗೆ ಹೋಗಿದ್ದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಲ್ಯಾಂಕಾಷೈರ್‌ನ ಗಿರಣಿಗಳಿಗೆ ಪೆಟ್ಟು ಬಿದ್ದು ಜನ ಕೆಲಸ ಕಳೆದುಕೊಂಡಿದ್ದ ಕಾಲ. ತಮ್ಮ ಅನ್ನಕ್ಕೆ ಕುತ್ತು ತಂದವನೆಂದು ಅವರು ಕಲ್ಲು ಎಸೆಯಬಹುದಿತ್ತು. ಗಿರಣಿಯ ಹೆಂಗಸರು ಅವರನ್ನು ನಡುವೆ ನಿಲ್ಲಿಸಿಕೊಂಡು ಕೈಯೆತ್ತಿ ಜಯಕಾರ ಹಾಕುತ್ತಿರುವ ಚಿತ್ರವನ್ನು ನಮ್ಮಲ್ಲಿ ಬಹಳ ಜನ ನೋಡಿರುತ್ತಾರೆ. ಗಾಂಧೀಜಿ ಅಲ್ಲಿ ಬಹಿಷ್ಕಾರಕ್ಕಾಗಿ ಕ್ಷಮೆ ಕೇಳಲಿಲ್ಲ, ಹಿಂತೆಗೆದುಕೊಳ್ಳಲೂ ಇಲ್ಲ. ನಮ್ಮ ಹಳ್ಳಿಗಳ ಹಸಿವನ್ನು ಅವರಿಗೆ ತಿಳಿಸಿದರು. ಲೆಕ್ಕವನ್ನು ಬಹಿರಂಗವಾಗಿ ಮುಂದಿಡುವುದೆಂದರೆ ಹೀಗೆ. ಬಸ್ಸಿನಲ್ಲಿ ಲಂಡನ್ನಿಗೆ ಮರಳುವ ಐದು ಗಂಟೆಯ ದಾರಿಯಲ್ಲಿ ನಾವು ಮಾತಾಡಿದ್ದು ಹೆಚ್ಚಾಗಿ ಇದನ್ನೇ.

ಅದೇ ದಾರಿಯಲ್ಲಿ ಗೆಳೆಯನೂ ಒಂದು ತಪ್ಪು ಒಪ್ಪಿಕೊಂಡ. ಲಂಡನ್ನಿನ ಮೊದಲ ದಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಹೊರಗೆ ಟಿಕೆಟ್ ದರ ನೋಡಿ ನಾವು ಹಿಂಜರಿದಾಗ, ಸಂಜೆ ಐದರ ಪ್ರಾರ್ಥನೆಗೆ ಬಂದರೆ ದುಡ್ಡಿಲ್ಲ ಎಂದು ಉಪಾಯ ಹೇಳಿದವನು ಆತನೇ. ಪ್ರಾರ್ಥನೆಗೆ ಹೋಗಿ ಕುಳಿತೆವು. ಹುಡುಗರ ಗಾಯನ ಮೇಲೆ ಕಮಾನುಗಳ ತನಕ ಏರುತ್ತಿದ್ದಾಗ ಆತ ನ್ಯೂಟನ್ನನ ಸಮಾಧಿ ಎಲ್ಲಿದೆಯೆಂದು ಕತ್ತು ತಿರುಗಿಸುತ್ತಿದ್ದ. "ಅವರು ಪ್ರಾರ್ಥನೆಗೆ ಬಾಗಿಲು ತೆಗೆದರು, ನಾನು ಟಿಕೆಟ್ ಉಳಿಸಲಿಕ್ಕೆ ಹೋದೆ. ನನ್ನದೇ ಧರ್ಮ ಬೇರೆ" ಎಂದ. ಆ ಸಂಜೆ ನಾನು ಮಾತ್ರ ಪರಕೀಯನಾಗಿ ಕುಳಿತು ಗಾಯನವನ್ನೇ ಕೇಳುತ್ತಿದ್ದೆ. ಕರ್ಮಗಳ ಬೆಲೆ ನಿಯ್ಯತ್ತಿನಲ್ಲಿದೆ ಎಂದು ನಂಬುವವನು ನಾನು. ನಿಯ್ಯತ್ತಿನ ಪ್ರಶ್ನೆ ಎತ್ತಿದವನು ಆತ.

ಕೊನೆಯ ದಿನ, ವಿಮಾನಕ್ಕೆ ಇನ್ನೂ ಹೊತ್ತಿದ್ದುದರಿಂದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂಗೆ ಹೋದೆವು. 2001ರಿಂದ ಅಲ್ಲಿ ಪ್ರವೇಶಕ್ಕೆ ದುಡ್ಡಿಲ್ಲ. ನಾನು ನೋಡಬೇಕಿದ್ದುದು ಒಂದೇ, ಟಿಪ್ಪುವಿನ ಹುಲಿ. ಗಾಜಿನ ಪೆಟ್ಟಿಗೆಯೊಳಗೆ, ಹೆಚ್ಚುಕಡಿಮೆ ನಿಜ ಗಾತ್ರದ ಮರದ ಹುಲಿ ಅಂಗಾತ ಬಿದ್ದ ಕೆಂಪು ಕೋಟಿನ ಬಿಳಿಯನ ಕುತ್ತಿಗೆಗೆ ಬಾಯಿ ಹಾಕಿದೆ. ಹೊಟ್ಟೆಯೊಳಗೆ ಒಂದು ಸಣ್ಣ ಆರ್ಗನ್ ಇದೆ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಕೈ ಮೇಲೆದ್ದು ಇಳಿಯುತ್ತದೆ. 1808ರಿಂದ ಈಸ್ಟ್ ಇಂಡಿಯಾ ಕಂಪೆನಿ ಇದನ್ನು ಲಂಡನ್ನಿನ ಲೆಡನ್‌ಹಾಲ್ ಬೀದಿಯ ತನ್ನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತ್ತು. ನೋಡಲು ಬಂದವರೆಲ್ಲಾ ಹಿಡಿ ತಿರುಗಿಸಿ ತಿರುಗಿಸಿ, ಅಲ್ಲಿ ಓದಲು ಕುಳಿತವರಿಗೆ ತಲೆನೋವು ತರುತ್ತಿದ್ದರಂತೆ. 1880ರಲ್ಲಿ ಈ ಮ್ಯೂಸಿಯಂಗೆ ಬಂತು.

ನನಗೆ ಗಂಟಲು ಕಟ್ಟಿತು. "ಇದು ನಮ್ಮದು" ಎಂದೆ.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ನಮ್ಮದು ಅಂದ್ರೆ ಯಾರದ್ದು?"

ನನಗೆ ಅರ್ಥವಾಯಿತು. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದಂದು, ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕೆಥೊಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಸಾವಿರ ಜನ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ದಾರಿಯಲ್ಲಿ, ಸೆರೆಯಲ್ಲಿ ಬಹಳ ಮಂದಿ ಸತ್ತರು ಎಂಬುದರಲ್ಲಿ ಸಂಶಯವಿಲ್ಲ. ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ, ಯಾವ ದಿನ ನನಗೆ ಸಿಂಹಾಸನ ಹೋಯಿತೋ ಅದರ ನಂತರ. ಗೆಳೆಯನ ಅಜ್ಜಿ ಪ್ರತಿ ವರ್ಷ ಉಪವಾಸ ಕಾಲದಲ್ಲಿ ಆ ನಡಿಗೆಯ ಕಥೆ ಹೇಳುತ್ತಿದ್ದರಂತೆ. ಇಷ್ಟು ವರ್ಷಗಳ ಸ್ನೇಹದಲ್ಲಿ ಆತ ಅದನ್ನು ನನ್ನೆದುರು ಎತ್ತಿರಲಿಲ್ಲ.

ನನ್ನ ಬಾಯಲ್ಲಿ ಉತ್ತರಗಳು ಸಾಲಾಗಿ ಬಂದು ನಿಂತವು. ಇಂಗ್ಲಿಷರಿಗೆ ನೆರವಾದರೆಂಬ ಸಂಶಯ ಇತ್ತು, ಅದು ಯುದ್ಧಕಾಲ, ಮರಾಠಾ ಸೇನೆ 1791ರಲ್ಲಿ ಶೃಂಗೇರಿ ಮಠವನ್ನು ದೋಚಿದಾಗ ನೆರವು ಕಳಿಸಿದವನು ಇದೇ ಟಿಪ್ಪು. ಇವೆಲ್ಲಾ ನಿಜ. ನಾವು ಬರುವ ಎರಡು ತಿಂಗಳ ಹಿಂದಷ್ಟೇ ರಾಜ್ಯ ಸರಕಾರ ಟಿಪ್ಪು ಜಯಂತಿಯನ್ನು ರದ್ದು ಮಾಡಿದ್ದರಿಂದ ಈ ಉತ್ತರಗಳೆಲ್ಲಾ ನನಗೆ ಬಾಯಿಪಾಠವೇ ಆಗಿದ್ದವು. ಆದರೆ ಅವು ಯಾವುವೂ ಅಜ್ಜಿಯ ಕಥೆಗೆ ಉತ್ತರವಾಗಿರಲಿಲ್ಲ. ಗೆಳೆಯನೇ ನನ್ನನ್ನು ಪಾರು ಮಾಡಿದ. "ಅದಕ್ಕೆ ನೀನು ಉತ್ತರ ಕೊಡಬೇಕಂತ ನಾನು ಯಾವತ್ತಾದರೂ ಕೇಳಿದ್ದುಂಟಾ? ಮೂವತ್ತು ವರ್ಷದಿಂದ ನಿಮ್ಮ ಮನೆಯಲ್ಲಿ ಪೆರ್ನಾಲಿಗೆ ಉಣ್ಣುತ್ತಿದ್ದೇನೆ. ಅದು ಸಾಲ ವಸೂಲಿ ಅಂತ ತಿಳಿದಿದ್ದೀಯಾ?"

ಒಬ್ಬನ ಹೊರೆಯನ್ನು ಇನ್ನೊಬ್ಬನ ಮೇಲೆ ಹೊರಿಸಬಾರದೆಂಬುದು ಕುರ್‌ಆನ್ ಮತ್ತೆ ಮತ್ತೆ ಹೇಳುವ ತತ್ವ. ಇಂದಿನ ಕರ್ನಾಟಕದಲ್ಲಿ ಈ ತತ್ವದ ಆಸರೆ ಮುಸ್ಲಿಮರಷ್ಟು ಬೇಕಾದವರು ಕಡಿಮೆ. 2022ರ ಮಾರ್ಚ್‌ನಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಇಡುವುದನ್ನು ತಡೆದರು. ಹಿಜಾಬ್ ತೀರ್ಪನ್ನು ವಿರೋಧಿಸಿ ಸಮುದಾಯದವರು ಅಂಗಡಿ ಮುಚ್ಚಿದ್ದು ಮುಂದಿಟ್ಟ ಕಾರಣ. ಮಾತು ಮುಂದುವರಿದಾಗ ಟಿಪ್ಪುವಿನ ಕಾಲದ ಲೆಕ್ಕವೂ ಹೊರಬರುವುದನ್ನು ನಾನೇ ಕೇಳಿದ್ದೇನೆ. ಯಾರೋ ಎಂದೋ ಮಾಡಿದ್ದನ್ನು ಬಳೆ ಮಾರುವವನಿಂದ ವಸೂಲು ಮಾಡುವುದು ಯಾವ ನ್ಯಾಯ ಎಂದು ಆಗ ನಾವು ಕೇಳಿದೆವು. ಸರಿಯಾಗಿಯೇ ಕೇಳಿದೆವು. ನಾನಂತೂ ಆ ಪ್ರಶ್ನೆ ಕೇಳುವಾಗಲೆಲ್ಲಾ ಮ್ಯಾಂಚೆಸ್ಟರಿನ ಟ್ರಾಮ್ ನೆನಪಾಗಿ ದನಿ ತಗ್ಗುತ್ತದೆ. ನನ್ನದು ಮೂರು ಪೌಂಡಿನ ವಿಷಯ, ಅದು ಹೊಟ್ಟೆಪಾಡಿನ ವಿಷಯ, ಎರಡೂ ಒಂದೇ ತೂಕದ್ದಲ್ಲ. ತರ್ಕ ಮಾತ್ರ ಒಂದೇ.

ಹಾಗಾದರೆ ಯಾರಿಗೂ ಯಾವ ಬಾಕಿಯೂ ಇಲ್ಲವೇ? ಗಾಜಿನ ಪೆಟ್ಟಿಗೆಯ ಹುಲಿ ಅಲ್ಲೇ ಇರಲಿ ಎನ್ನೋಣವೇ? ಇಲ್ಲಿ ನಮ್ಮ ಪಾಲುಪಟ್ಟಿಯ ಶಾಸ್ತ್ರ ನನಗೆ ಬೆಳಕು ಕೊಟ್ಟಿತು. ತೀರಿಹೋದ ತಂದೆಯ ಪಾಪ ಮಗನಿಗೆ ಬರುವುದಿಲ್ಲ. ಆದರೆ ತಂದೆಯ ಆಸ್ತಿ ಹಂಚುವ ಮೊದಲು ತಂದೆಯ ಸಾಲ ತೀರಿಸಬೇಕು. ಸಾಲ ಮಗನ ಬೆನ್ನಿನ ಮೇಲಿಲ್ಲ, ಆಸ್ತಿಯ ಮೇಲಿದೆ. ಕಿತ್ತುಕೊಂಡ ವಸ್ತುವಿನ ಬಗ್ಗೆ ಫಿಕ್ಹ್ ಇನ್ನೂ ಕಟ್ಟುನಿಟ್ಟು. ಎ‌ಷ್ಟು ಕೈ ಬದಲಾದರೂ ಅದು ಕಿತ್ತುಕೊಂಡದ್ದೇ, ಯಾರ ಕೈಯಲ್ಲಿದೆಯೋ ಮರಳಿಸುವ ಹೊಣೆ ಅವರದ್ದು. ಹಾಗೆ ನೋಡಿದರೆ ಟ್ರಾಮ್‌ನ ಮನುಷ್ಯ ಯಾವುದಕ್ಕೂ ಹೊಣೆಯಲ್ಲ, ಮ್ಯೂಸಿಯಂನ ಟ್ರಸ್ಟಿಗಳು ಹೊಣೆ, ವಿಂಡ್ಸರ್‌ನ ಒಡೆಯರು ಹೊಣೆ. ಅವರು ಕೊಳ್ಳೆ ಹೊಡೆದವರಲ್ಲ, ಇಟ್ಟುಕೊಂಡವರು. 1983ರ ಕಾಯ್ದೆ ಸಂಗ್ರಹದ ವಸ್ತುಗಳನ್ನು ಬಿಟ್ಟುಕೊಡದಂತೆ ತಮ್ಮ ಕೈ ಕಟ್ಟಿದೆ ಎಂದು ಮ್ಯೂಸಿಯಂನವರು ಹೇಳಬಹುದು. ಆ ಕಾಯ್ದೆಯನ್ನು ಮಾಡಿದ ಸಂಸತ್ತು ಅಲ್ಲಿಂದ ಬಹಳ ದೂರವೇನಿಲ್ಲ.

ಮನಸ್ಸಿದ್ದ ಕಡೆ ಮರಳಿಸಿದ್ದೂ ಇದೆ. ನಾವು ಊರಿಗೆ ಬಂದ ಮೇಲೆ, 2019ರ ನವೆಂಬರ್‌ನಲ್ಲಿ, ಮ್ಯಾಂಚೆಸ್ಟರ್ ಮ್ಯೂಸಿಯಂ 43 ಪವಿತ್ರ ವಸ್ತುಗಳನ್ನು ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಒಪ್ಪಿಸಿತು. 2021ರಲ್ಲಿ ಕೇಂಬ್ರಿಜ್‌ನ ಜೀಸಸ್ ಕಾಲೇಜು ಬೆನಿನ್‌ನಿಂದ ದೋಚಿದ ಕಂಚಿನ ಹುಂಜವನ್ನು ನೈಜೀರಿಯಾಕ್ಕೆ ಕೊಟ್ಟಿತು. 2022ರಲ್ಲಿ ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ 72 ವಸ್ತುಗಳ ಒಡೆತನವನ್ನು ಬಿಟ್ಟುಕೊಟ್ಟಿತು. ಅದರ ಮರುವರ್ಷವೇ ಟಿಪ್ಪುವಿನ ಖಡ್ಗವೊಂದು ಅದೇ ಲಂಡನ್ನಿನಲ್ಲಿ 1.4 ಕೋಟಿ ಪೌಂಡ್‌ಗೆ ಹರಾಜಾಯಿತು.

ಹುಲಿಯನ್ನು ಮರಳಿಸುತ್ತೇವೆಂದರೆ ಪಡೆಯುವವರು ಯಾರು? ವೆಲ್ಲೂರು ದಂಗೆಯ ನಂತರ ಕಲ್ಕತ್ತಕ್ಕೆ ಗಡಿಪಾರಾದ ಟಿಪ್ಪುವಿನ ಮಕ್ಕಳ ವಂಶದವರೇ? ಟಿಪ್ಪುವಿನ ಹೆಸರು ಹೇಳಲು ಹಿಂಜರಿಯುವ ಸರಕಾರಗಳೇ? ಶ್ರೀರಂಗಪಟ್ಟಣದ ಜನರೇ? ಇನ್ನೊಂದೂ ಇದೆ. ಆಸ್ತಿಯ ಮೇಲೆ ಸಾಲವಿರುವುದಾದರೆ ಟಿಪ್ಪುವಿನ ಆಸ್ತಿಯ ಮೇಲೂ ಸಾಲವಿದೆ. ಆ ಖಜಾನೆಯಲ್ಲಿ ಕೊಡಗಿನದ್ದು, ಮಲಬಾರಿನದ್ದು, ಗೆಳೆಯನ ಹಿರಿಯರದ್ದು ಎಷ್ಟಿತ್ತೋ. ಇದನ್ನು ಹೇಳಿದರೆ ನಮ್ಮವರಲ್ಲೇ ಕೆಲವರಿಗೆ ಬೇಸರವಾಗಬಹುದು. ಆದರೆ ವಿಂಡ್ಸರ್‌ನವರ ಮುಂದೆ ಲೆಕ್ಕದ ಪುಸ್ತಕ ತೆರೆಯುವಾಗ ನಮ್ಮ ಪುಟವನ್ನು ಅಂಟಿಸಿಟ್ಟು ತೆರೆಯಲಾಗುವುದಿಲ್ಲ.

ಇವೆಲ್ಲಾ ನಂತರದ ಯೋಚನೆಗಳು. ಅಂದು ಹುಲಿಯ ಮುಂದೆ ನಾವು ಮತ್ತೇನೂ ಮಾತಾಡಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಬಾಗಿಲ ಕಡೆ ನಡೆದೆವು. ಅಲ್ಲೊಂದು ಕಾಣಿಕೆ ಡಬ್ಬಿ ಇತ್ತು. ಗೆಳೆಯ ಕಿಸೆ ತಡಕಿ ಒಂದು ಪೌಂಡಿನ ನಾಣ್ಯ ತೆಗೆದು ಅದರೊಳಗೆ ಹಾಕಿದ. ನನಗೆ ತಡೆಯಲಾಗಲಿಲ್ಲ. "ಇವರಿಗೂ ಯಾಕೆ? ಹುಲಿ ಇಟ್ಟುಕೊಂಡದ್ದಕ್ಕಾ?" ಎಂದು ಕೇಳಿದೆ.

"ಹುಲಿಗಲ್ಲ ಮಾರಾಯ" ಎಂದ. "ಬೆಳಗ್ಗಿಂದ ಇಬ್ಬರು ಹೆಂಗಸರು ನೆಲ ಒರೆಸುತ್ತಾ ಇದ್ದರು, ನೋಡಲಿಲ್ವಾ?"

ನಾನು ಡಬ್ಬಿಗೆ ಏನೂ ಹಾಕಲಿಲ್ಲ. ಆ ವಿಷಯದಲ್ಲಿ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ, ಆತನದ್ದು ತಪ್ಪೆಂದೂ ಹೇಳಲಾರೆ. ವಿಮಾನ ನಿಲ್ದಾಣದಲ್ಲಿ ಕುಳಿತು ಆತ ನೋಟ್ ಬುಕ್ಕಿನ ಲೆಕ್ಕ ಮುಗಿಸಿದ. ನನ್ನಿಂದ ಹನ್ನೊಂದು ಪೌಂಡ್ ಚಿಲ್ಲರೆ ಬರಬೇಕಿತ್ತು. ಕೊಟ್ಟೆ. ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ ನೋಡಿದೆ. ಡಬ್ಬಿಗೆ ಹಾಕಿದ ಆ ಒಂದು ಪೌಂಡನ್ನು ಆತ ಜಂಟಿ ಖರ್ಚಿಗೆ ಸೇರಿಸಿರಲಿಲ್ಲ.